ಐದನೆಯ ತೆನೆ

ಜೂಲಿಯೆಟ್ ಕ್ರಾಸ್ತಾ, ಪ್ರಾಯ 61, ದಿವಂಗತ ಸಿಮೋನ್ ಕ್ರಾಸ್ತಾರ ಹೆಂಡತಿ, ಕೋಳಿ ಸಾಕಣೆ, ವಾಸ ಸೀತಾಂಗೋಳಿ ಸಮೀಪ, ಇಂದು ನಾನಾಗಿಯೇ ಠಾಣೆಗೆ ಫೋನ್ ಮಾಡಿ, ಜೀಪಿನಲ್ಲಿ ಬಂದು, ಕನ್ನಡ ಬಲ್ಲ ಪೊಲೀಸ್ ಪುರಂದರ ಅವರ ಮುಂದೆ ಹೇಳಿ ಬರೆಸುವುದೇನೆಂದರೆ:

ನಮ್ಮ ಮನೆಯಲ್ಲಿ ನಾಲ್ವರು. ನಾನು, ಗಂಡ ತೀರಿಕೊಂಡ ಮಗಳು ಫೆಲ್ಸಿ, ಅವಳ ಆರು ವರ್ಷದ ಮಗಳು ಕಿನ್ನಿ ಮತ್ತು ನನ್ನ ತಮ್ಮ ಲ್ಯಾರಿ.

ಮದುವೆಗೆ ಮೊದಲು ನಾನು ಮುಂಬಯಿಯಲ್ಲಿ ಒಂದು ಗುಂಪಿಗಾಗಿ ಜನರನ್ನು ಕೊಲ್ಲುವ ಕೆಲಸ ಮಾಡುತ್ತಿದ್ದೆ. ಅದರ ಬಗ್ಗೆ ಕೇಳಬೇಕಾದವರು ಕೇಳಿದಾಗ ಹೇಳುತ್ತೇನೆ, ಇಂದಿನ ಮಾತು ಅದಲ್ಲ. ಗುಂಪಿಗೆ ತಿಳಿಸದೆ ಬಿಟ್ಟು ಬಂದೆ. ಗಂಡನಿಗೂ ಹೇಳಿರಲಿಲ್ಲ. ಗೊತ್ತಿದ್ದವನು ಲ್ಯಾರಿ ಒಬ್ಬನೇ. ಅಮ್ಮ ತೀರಿದ ಮೇಲೆ ಅವನನ್ನು ಸಾಕಿದವಳು ನಾನು.

ಇಂದು ಮೊಂತಿ ಫೆಸ್ತ್, ಅಂದರೆ ನಮ್ಮ ತೆನೆಹಬ್ಬ. ಇಗರ್ಜಿಯಲ್ಲಿ ಪಾದ್ರಿಗಳು ಆಶೀರ್ವದಿಸಿದ ಹೊಸ ಭತ್ತದ ತೆನೆಯನ್ನು ತಲೆಗೊಂದರಂತೆ ತರುತ್ತೇವೆ. ಅದರ ಅಕ್ಕಿಯನ್ನು ಹಾಲಿನಲ್ಲಿ ಬೆರೆಸಿ ಹಿರಿಯರು ಎಲ್ಲರಿಗೂ ಕೊಟ್ಟ ಮೇಲೆಯೇ ಊಟ. ಆ ದಿನ ಮನೆಯೊಳಗಿದ್ದವರು ಯಾರೇ ಆಗಲಿ, ಅವರಿಗೆ ಹೊಸ ಅಕ್ಕಿ ತಪ್ಪಬಾರದೆಂದು ಅಮ್ಮ ನಮಗೆ ಕಿವಿ ಹಿಂಡಿ ಕಲಿಸಿದ್ದರು.

ಬೆಳಿಗ್ಗೆ ಒಂಬತ್ತೂವರೆಗೆ ಲ್ಯಾರಿ ಇಗರ್ಜಿಯಿಂದ ಐದು ತೆನೆ ತಂದ. ನಾಲ್ಕು ಜನಕ್ಕೆ ಐದು ಎಂತಕ್ಕೆಂದು ಕೇಳಿದೆ. "ಲೆಕ್ಕ ತಪ್ಪಿತು ಅಕ್ಕ, ಇರ್ಲಿ ಬಿಡು" ಎಂದ. ಇವನ ಮರೆವು ಎಂದು ನಕ್ಕೆ.

ಹನ್ನೆರಡೂವರೆಗೆ ಒಂದು ಕಾರು ಬಂತು. ಇಳಿದವನಿಗೆ ನಲವತ್ತರ ಪ್ರಾಯ ಇರಬಹುದು. ಲ್ಯಾರಿ ಬಾಗಿಲಲ್ಲಿ ನಿಂತು, "ಅಯ್ಯೋ ದೇವರೇ, ನೀನೆಂತ ಮಾರಾಯ ಇಲ್ಲಿ!" ಎಂದ. ಹಳೆಯ ಸ್ನೇಹಿತ, ಬಂದ್ಯೋಡಿಗೆ ಹೋಗುವವನು ಹೇಳದೆ ಕೇಳದೆ ಬಂದಿದ್ದಾನೆ ಎಂದು ನನಗೆ ತಿಳಿಸಿದ. ಒಳಗೆ ಹೋಗಿ ನೋಡಿದರೆ, ಮೇಜಿನ ಮೇಲೆ ಲ್ಯಾರಿ ಆಗಲೇ ಹಾಕಿಟ್ಟಿದ್ದ ಬಾಳೆಲೆಗಳೂ ಐದು. ಬೆಳಿಗ್ಗೆ ತೆನೆಯ ಲೆಕ್ಕವೂ ತಪ್ಪಿರಲಿಲ್ಲವೆಂದು ಆಗ ತಿಳಿಯಿತು.

ಬಂದವನು ಗೋಡೆಗೆ ಬೆನ್ನು ಹಾಕಿ ಕಿನ್ನಿಯ ಪಕ್ಕದಲ್ಲಿ ಕುಳಿತ. ಅತಿಥಿ ಎಂದು ಹೊಸ ಅಕ್ಕಿಯನ್ನು ಮೊದಲು ಅವನಿಗೆ ಕೊಟ್ಟೆ. ಎಡಗೈ ಚಾಚಿದ. ಬಲಗೈ ಮೇಜಿನ ಮೇಲೆ ಬರಲೇ ಇಲ್ಲ. ಅದು ಯಾವ ಕೆಲಸದವರ ಅಭ್ಯಾಸವೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬೇಲಿಯಾಚೆಯ ಕೈಜಮ್ಮನಿಗೆ ಪಾಯಸ ಕೊಡಲು ಮರೆತೆ, ಕಿನ್ನಿಯನ್ನೂ ಕರೆದುಕೊಂಡು ಹೋಗಿ ಕೊಟ್ಟು ಬಾ ಎಂದು ಫೆಲ್ಸಿಗೆ ಹೇಳಿದೆ. ಲ್ಯಾರಿ ಕಿನ್ನಿಯ ಕೈ ಹಿಡಿದುಕೊಂಡ. "ಮಗು ಉಣ್ಲಿ, ಎಂತ ಅವಸರ? ಫೆಲ್ಸಿ ಒಬ್ಳೇ ಹೋಗ್ಲಿ" ಎಂದ. ಮಗು ಹತ್ತಿರವಿದ್ದರೆ ನಾನು ಕೈ ಎತ್ತುವುದಿಲ್ಲವೆಂದು ಅವನಿಗೆ ಗೊತ್ತು. ಸಾರ್, ನನ್ನನ್ನು ಹಿಡಿದುಕೊಟ್ಟದ್ದನ್ನಾದರೂ ಸಹಿಸಿಯೇನು. ಮಗುವಿನ ಕೈ ಹಿಡಿದದ್ದನ್ನು ಸಹಿಸಲಾರೆ. ಇದನ್ನು ಹೀಗೆಯೇ ಬರೆಯಬೇಕೆಂದು ಕೇಳಿಕೊಂಡಿದ್ದೇನೆ.

ಕೈಜಮ್ಮನ ಬೆಕ್ಕು ಮರಿ ಹಾಕಿದೆ ಎಂದೆ. ಕಿನ್ನಿ ಕೈ ಕೊಡವಿಕೊಂಡು ಓಡಿದಳು, ಫೆಲ್ಸಿ ಹಿಂದೆಯೇ ಹೋದಳು. ಅವರು ಬೇಲಿ ದಾಟಿದ ಮೇಲೆ, ಒಲೆಯ ಮೇಲೆ ಕುದಿಯುತ್ತಿದ್ದ ಸಾಂಬಾರನ್ನು ಪಾತ್ರೆ ಸಮೇತ ತಂದು ಬಂದವನ ಮಡಿಲಿಗೆ ಸುರಿದೆ. ಪಿಸ್ತೂಲು ನೆಲಕ್ಕೆ ಬಿತ್ತು. ಪಾತ್ರೆಯಿಂದಲೇ ಮುಖಕ್ಕೆ ಬಡಿದು ಪಿಸ್ತೂಲು ಎತ್ತಿಕೊಂಡೆ. ಗುಂಡು ಹೊಡೆಯಲಿಲ್ಲ. ಅವನನ್ನು ಕೋಳಿಗೂಡಿಗೆ ನೂಕಿ ಚಿಲಕ ಹಾಕಿ ಠಾಣೆಗೆ ಫೋನ್ ಮಾಡಿದೆ.

ಲ್ಯಾರಿ ಓಡಲಿಲ್ಲ. ಎಂತಕ್ಕೆ ಹೀಗೆ ಮಾಡಿದೆ ಎಂದು ಕೇಳಿದೆ. "ನೀನಿರುವ ಜಾಗ ಹೇಳದಿದ್ರೆ ನನ್ನನ್ನು ಕೊಲ್ತೇವೆ ಅಂದ್ರು ಅಕ್ಕ. ಮಗುವಿಗೆ ಎಂತದೂ ಮಾಡುದಿಲ್ಲ ಅಂತ ಮಾತು ಕೊಟ್ಟಿದ್ದ" ಎಂದ. ಕೊಲ್ಲಲು ಬಂದವನ ಮಾತು ನಂಬಿದ. ಅಕ್ಕನಿಗೆ ಒಂದು ಮಾತು ಹೇಳಲು ಬಾಯಿ ಬರಲಿಲ್ಲ. ಹಾಗಾದರೆ ಆ ಬಂದವನಿಗೆ ತೆನೆ ಯಾಕೆ ತಂದೆ ಎಂದು ಕೇಳಿದೆ. ಮನೆಯೊಳಗಿದ್ದವರಿಗೆ ತಪ್ಪಿಸಬಾರದೆಂದು ಅಮ್ಮ ಹೇಳಿದ್ದರಲ್ಲ ಎಂದು ಅತ್ತ.

ಪೊಲೀಸರು ಇಬ್ಬರನ್ನೂ ಹಿಡಿದ ಮೇಲೆ ನಾನು ಅವರಲ್ಲಿ ಸ್ವಲ್ಪ ಸಮಯ ಕೇಳಿಕೊಂಡು, ಹಿಂತಿರುಗಿ ಬಂದ ಫೆಲ್ಸಿಗೂ ಕಿನ್ನಿಗೂ ಹೊಸ ಅಕ್ಕಿ ಕೊಟ್ಟೆ. ಲ್ಯಾರಿ ಅಜ್ಜನ ಪಾಲು ತೆಗೆದಿಡುವುದಿಲ್ಲವಾ ಎಂದು ಕಿನ್ನಿ ಕೇಳಿದಳು. ಅವನು ಕುವೈಟಿನಲ್ಲಿದ್ದಾಗ ಪ್ರತಿವರ್ಷ ಅವನ ಪಾಲಿನ ಭತ್ತವನ್ನು ಲಕೋಟೆಯಲ್ಲಿ ಹಾಕಿ ಕಳುಹಿಸಿದ್ದೆ. ಇಂದು ತೆಗೆದಿಡಲಿಲ್ಲ.

ಗುಂಪಿನವರು ಮತ್ತೆ ಬಂದಾರು. ನನ್ನನ್ನು ಎಲ್ಲಿಗೆ ಬೇಕಾದರೂ ಕರೆದೊಯ್ಯಿರಿ, ಫೆಲ್ಸಿಗೂ ಕಿನ್ನಿಗೂ ಕಾವಲು ಕೊಡಬೇಕು. ಅದಕ್ಕಾಗಿಯೇ ಇಷ್ಟನ್ನೂ ಬಾಯಿಬಿಟ್ಟಿದ್ದೇನೆ.

ಬರೆದದ್ದನ್ನು ಪುರಂದರ ಅವರು ನನಗೆ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ, ಸುಳ್ಳಿಲ್ಲ. ನಮ್ಮ ಮನೆಯಲ್ಲಿ ನಾಲ್ವರು ಎಂದು ಮೇಲೆ ಇರುವುದನ್ನು ಮಾತ್ರ ಮೂವರು ಎಂದು ತಿದ್ದಿಸಿ, ತಿದ್ದಿದಲ್ಲಿ ಸಹಿ ಹಾಕಿದ್ದೇನೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 08-09-2025
(ಸಹಿ) ಜೂಲಿಯೆಟ್ ಕ್ರಾಸ್ತಾ