ಮೇಲಿನ ಸಾಲಿನಲ್ಲಿ ಕೂತವಳು

ಅಲ್ಲ ಅತ್ತಿಗೆ, ಈಗಲೇ ನಕ್ಕುಬಿಟ್ರೆ ಹೇಗೆ, ನಾನಿನ್ನೂ ಕತ್ತರಿ ವಿಷಯಕ್ಕೆ ಬಂದೇ ಇಲ್ಲ. ಪಾರ್ಲಿಮೆಂಟಿನ ಬಾಗಿಲಲ್ಲಿ ಒಂದು ಯಂತ್ರ ಇಟ್ಟಿರ್ತಾರೆ, ಬರೀ ಚೌಕಟ್ಟಿನ ಥರ. ಅದರೊಳಗೆ ಕಾಲಿಟ್ಟೆ ನೋಡಿ, ಕುಂಯ್ ಅಂತು. ವಾಪಸ್ ಹೋಗಿ ಅಂದ್ರು, ಹೋದೆ. ಮತ್ತೆ ಬಂದೆ, ಮತ್ತೆ ಕುಂಯ್. ಕಾವಲಿನ ಹೆಂಗಸು ನನ್ನ ಚೀಲಕ್ಕೆ ಕೈ ಹಾಕಿದಳು. ದೊಡ್ಡ ಕತ್ತರಿ ಬಂತು. ಆಮೇಲೆ ನೂಲು ಕತ್ತರಿಸೋ ಚಿಕ್ಕದು ಬಂತು. ಅಂಗಡಿ ಬೀಗ ಹಾಕಿ ಹಾಗೇ ಹೊರಟವಳು ನಾನು, ಚೀಲದಲ್ಲಿ ಏನಿದೆ ಅಂತ ಯಾರು ನೋಡ್ತಾರೆ? ಅದೂ ಸಾಲದು ಅಂತ ಎದೆ ಮೇಲೆ ಸಿಕ್ಕಿಸ್ಕೊಂಡಿದ್ದ ಸೂಜಿ ಬೇರೆ. "ಏನಮ್ಮ, ಒಳಗೆ ಯಾರ ಅಳತೆ ತಗೊಳ್ಳೋಕೆ ಬಂದ್ರಿ?" ಅಂತ ಕೇಳಿದಳು. ನನ್ನ ಬಾಯಿ ಸುಮ್ಮನಿರುತ್ತಾ? "ಎಲ್ಲರದ್ದೂ" ಅಂದೆ.

ನಗಿ, ಈಗ ನಗಿ. ಅವಳೂ ನಕ್ಕಳು. ಕತ್ತರಿ ತೆಗೆದಿಟ್ಟು ಚೀಟಿ ಕೊಟ್ಟು, ಮೇಲೆ ಪ್ರೇಕ್ಷಕರ ಸಾಲಿಗೆ ಹೋಗಿ ಅಂದಳು.

ಪಾಸಾ? ಅದೇ ಅತ್ತಿಗೆ, ಅದನ್ನೇ ಹೇಳೋಕೆ ಬಂದೆ. ಈ ದೇಶದಲ್ಲಿ ಪಾಸೂ ಬೇಡ ಏನೂ ಬೇಡ, ಊರಿನ ಥರ ಅಲ್ಲ. ಗುರುತಿನ ಚೀಟಿ ತೋರ್ಸು, ಹೋಗಿ ಕೂತ್ಕೋ. ಕೋಟಿನ ತೋಳು ಚಿಕ್ಕದು ಮಾಡ್ಸೋಕೆ ಬಂದ ಗಿರಾಕಿ ಒಬ್ಬರು ನಿನ್ನೆ ಹೇಳಿದ್ರು, ಮಕ್ಕಳನ್ನ ಕರ್ಕೊಂಡು ಹೋಗಿದ್ರಂತೆ, ಯಾರು ಬೇಕಾದ್ರೂ ಹೋಗಬಹುದಂತೆ. ನಾನು ನಂಬಲಿಲ್ಲ. ಅಣ್ಣ ಆರಿಸಿ ಬಂದಾಗಿಂದ ಕೇಳ್ತಾನೇ ಇದೀನಲ್ಲ, ಒಂದು ಸಲ ಕರ್ಕೊಂಡು ಹೋಗೋ, ನೀನು ಮಾತಾಡೋದು ನೋಡ್ಬೇಕು ಅಂತ. ಪಾಸು ಸಿಗಲ್ಲ ಕಣೇ, ಪಾಸು ಕಷ್ಟ ಕಣೇ... ಇರಲಿ ಬಿಡಿ. ಅವನಿಗೂ ಗೊತ್ತಿಲ್ವೇನೋ. ಅವನು ಬೇರೆ ಬಾಗಿಲಲ್ಲಿ ಹೋಗೋನಲ್ವಾ.

ಮೇಲಿಂದ ಹೇಗೆ ಕಾಣುತ್ತೆ ಗೊತ್ತಾ? ಬರೀ ತಲೆಗಳು. ಯಾರು ಯಾವ ಪಕ್ಷ ಅಂತ ಗೊತ್ತಾಗಲ್ಲ, ಯಾರ ನೆತ್ತಿ ಎಷ್ಟು ಖಾಲಿಯಾಗಿದೆ ಅಂತ ಚೆನ್ನಾಗಿ ಗೊತ್ತಾಗುತ್ತೆ. ಒಬ್ಬರು ಮೇಜಿನ ಕೆಳಗೆ ಕಿತ್ತಳೆ ಸುಲೀತಿದ್ರು, ಪಾಪ, ಶಬ್ದ ಬರಬಾರದು ಅಂತ ಎಷ್ಟು ನಾಜೂಕು! ಮೂರನೇ ಸಾಲಿನಲ್ಲಿ ಒಬ್ಬರು ಗಲ್ಲಕ್ಕೆ ಕೈ ಕೊಟ್ಟು ಗಾಢವಾಗಿ ಯೋಚನೆ ಮಾಡ್ತಿದಾರೆ ಅಂದ್ಕೊಂಡೆ, ಆಮೇಲೆ ಕೈ ಜಾರಿತು. ಪಕ್ಕದಲ್ಲಿದ್ದ ಅಜ್ಜ ದಿನಾ ಬರೋರಂತೆ, ನನ್ನ ಕಿವಿಗೆ ಬಾಯಿಟ್ಟು "ಅವರು ಊಟ ಆದಮೇಲೆ ಯಾವಾಗ್ಲೂ ಹಾಗೇ" ಅಂದ್ರು. ನಂಗೆ ನಗು ತಡೆಯೋಕಾಗಲಿಲ್ಲ. ಹಿಂದಿಂದ ಕಾವಲಿನವನು ಹೆಗಲು ತಟ್ಟಿದ, ಇಲ್ಲಿ ನಗಬಾರದು, ಚಪ್ಪಾಳೆ ತಟ್ಟಬಾರದು, ಕಟಕಟೆಗೆ ಒರಗಬಾರದು ಅಂದ. ಮತ್ತೇನು ಮಾಡಬಹುದಪ್ಪಾ ಅಂದೆ. "ನೋಡಬಹುದು" ಅಂದ.

ಅಣ್ಣನಾ? ಹ್ಞೂ, ಇದ್ದ. ನೀಲಿ ಕೋಟು, ನಾನೇ ಹೊಲಿದದ್ದು. ಬೆನ್ನು ಒಂದು ಚೂರೂ ಸುಕ್ಕಿಲ್ಲದೆ ಕೂತಿತ್ತು ಅತ್ತಿಗೆ, ಅಷ್ಟು ಎತ್ತರದಿಂದಲೂ ಕಾಣ್ತಿತ್ತು. ಪಕ್ಕದ ಅಜ್ಜನಿಗೆ ಹೇಳ್ಬೇಕು ಅಂತ ಬಾಯಿ ತನಕ ಬಂತು, ನುಂಗಿಕೊಂಡೆ. ಮಾತಾಡಿದ, ಚೆನ್ನಾಗೇ ಮಾತಾಡಿದ. ಈ ಸಮಿತಿಗಳು ಬಾಗಿಲು ಹಾಕ್ಕೊಂಡು ಸಭೆ ಮಾಡ್ತಾವಲ್ಲ, ಅಲ್ಲಿಗೂ ಜನ ಬಂದು ಕೂತು ನೋಡಲಿ ಅಂತ ಒಂದು ಠರಾವು. ಇವನು ಬೇಡ ಅನ್ನೋ ಕಡೆ. ಅವನ ಕಾರಣ ಅವನಿಗೆ. ಏನಂದ ಅಂತ ಪೂರ್ತಿ ನೆನಪಿಲ್ಲ ನಂಗೆ.

ಆದ್ರೆ ಆಮೇಲೆ ಒಂದು ತಮಾಷೆ ಆಯ್ತು ನೋಡಿ. ನಮ್ಮ ಸಾಲಿಂದ ಒಬ್ಬಳು ಎದ್ದು ನಿಂತು ಮಾತಾಡೇಬಿಟ್ಟಳು. ಯಾರೋ ಹೆಂಗಸು. ಇಡೀ ಸದನ ತಿರುಗಿ ಮೇಲೆ ನೋಡ್ತು. ಕಿತ್ತಳೆಯವರು ಕೂಡ. ನಿದ್ದೆಯವರು ಎದ್ದು, ಯಾಕೆ ಅಂತ ಗೊತ್ತಿಲ್ದೆ ಮೇಜು ಕುಟ್ಟಿದ್ರು. ಸಭಾಧ್ಯಕ್ಷೆ ಸುತ್ತಿಗೆ ಬಡಿದದ್ದೇ ಬಡಿದದ್ದು. ಇಬ್ಬರು ಬಂದು ಅವಳನ್ನ ಎರಡೂ ಕಡೆ ಹಿಡ್ಕೊಂಡು ಮೆಟ್ಟಿಲು ಇಳಿಸಿದ್ರು. ಒಳ್ಳೇ ಮದುಮಗಳನ್ನ ಕರ್ಕೊಂಡು ಹೋದ ಹಾಗೆ...

ನಗಲಿಲ್ಲ ನೀವು.

ಬೀನ್ಸ್ ಸೋಸೋದೂ ನಿಲ್ಲಿಸಿದ್ರಿ. ಯಾರು ಅವಳು, ಏನಂದಳು, ಒಂದನ್ನೂ ಕೇಳಲಿಲ್ಲ. ಬೇರೆ ದಿನ ಆಗಿದ್ರೆ ಇಷ್ಟು ಹೊತ್ತಿಗೆ ಅವಳು ಹಾಕ್ಕೊಂಡ ಬಟ್ಟೆ ಬಣ್ಣ ಕೂಡ ಕೇಳ್ತಿದ್ರಿ. ಯಾಕೆ ಹಾಗೆ ನೋಡ್ತೀರಿ ಅತ್ತಿಗೆ?

ಓ.

ಟಿವಿ. ನೇರ ಪ್ರಸಾರ ಇರುತ್ತಲ್ಲ. ನಂಗೆ ಹೊಳೀಲೇ ಇಲ್ಲ ನೋಡಿ. ಇಡೀ ದೇಶಕ್ಕೆ ಕಾಣ್ತಿತ್ತು, ನಾನು ಬಂದು ನಿಮ್ಮ ಅಡುಗೆಮನೇಲಿ ಕೂತು ಯಾರೋ ಹೆಂಗಸು ಅಂತ ಕಥೆ ಹೇಳ್ತಿದೀನಿ.

ಹಾಗಾದ್ರೆ ಅವನಂದದ್ದೂ ಕೇಳಿಸ್ಕೊಂಡಿದೀರಿ. "ಜನಕ್ಕೆ ಇದೆಲ್ಲ ಬೇಕಿಲ್ಲ. ನನ್ನ ಒಡಹುಟ್ಟಿದ ತಂಗಿ ಹೊಲಿಗೆ ಅಂಗಡಿ ಇಟ್ಟಿದಾಳೆ. ಇಷ್ಟು ವರ್ಷದಲ್ಲಿ ಒಂದು ದಿನ ಈ ಸದನ ನೋಡ್ಬೇಕು ಅಂತ ಅವಳು ಬಾಯಿ ಬಿಟ್ಟು ಕೇಳಿದವಳಲ್ಲ." ನಾನು ಜಗಳ ಮಾಡೋಕೆ ಏಳಲಿಲ್ಲ ಅತ್ತಿಗೆ, ನಿಮ್ಮಾಣೆಗೂ ಇಲ್ಲ. ಮನೇಲಿ ಪಕ್ಕದ ಕೋಣೆಯಿಂದ ಕೂಗಿದ್ರೆ ಓ ಅನ್ನಲ್ವಾ, ಹಾಗೆ ಎದ್ದೆ. "ಕೇಳಿದ್ನಲ್ಲೋ ಅಣ್ಣ, ಇಲ್ಲೇ ಇದೀನಿ" ಅಂದೆ. ಅಷ್ಟೇ. ಸಂತೋಷದಲ್ಲೇ ಅಂದೆ ಅಂದ್ರೆ ನೀವು ನಂಬ್ತೀರಾ? ಅವನು ತಲೆಯೆತ್ತಿ ನೋಡಿದ್ರೆ ನಗ್ತಾನೆ ಅಂದ್ಕೊಂಡಿದ್ದೆ. ಎಲ್ಲರೂ ನಕ್ರು ಕೂಡ. ಒಳ್ಳೇ ನಗುವೇ ಅದು.

ಅಲ್ಲಿಗೆ ಮುಗೀತು. ಇನ್ನೇನಿಲ್ಲ.

ಇನ್ನೇನಿಲ್ಲ ಅಂದ್ನಲ್ಲ, ಕಣ್ಣೊರೆಸ್ಕೊಳ್ಳಿ ನೀವು. ನೀವು ಹೀಗೆ ಕೂತ್ರೆ ನಾನು ಹೇಗೆ ಸುಳ್ಳು ಹೇಳಲಿ?

ಸಭಾಧ್ಯಕ್ಷೆ ಅವನನ್ನ ಕೇಳಿದ್ರು, "ಮಾನ್ಯ ಸದಸ್ಯರೇ, ಇವರು ನಿಮಗೆ ಗೊತ್ತೇ?" ಅಂತ. ಅವನು ನನ್ನ ನೋಡಿದ. ಸರಿಯಾಗೇ ನೋಡಿದ ಅತ್ತಿಗೆ. ಕೋಟಿನ ಗುಂಡಿ ಹಾಕ್ಕೊಂಡ. "ಇಲ್ಲ" ಅಂದ.

ಮೆಟ್ಟಿಲಿಳಿಯೋವಾಗ ನಾನು ಅಳಲಿಲ್ಲ. ಕೆಳಗೆ ಸುಮಾರು ಹೊತ್ತು ಕೂರಿಸಿದ್ರು. ಆ ಕಾವಲಿನ ಹೆಂಗಸು ಕತ್ತರಿ ವಾಪಸ್ ಕೊಡ್ತಾ, ಠರಾವು ಪಾಸಾಯ್ತು, ಇನ್ಮೇಲೆ ಸಮಿತಿ ಕೋಣೆಗೂ ಬರಬಹುದು ನೀವು ಅಂದಳು. ಬರ್ತೀನಿ ಅಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನಿಮಗೆ ಹೇಗೆ ಹೇಳಿದ್ರೆ ನಗ್ತೀರಿ ಅಂತಾನೇ ಯೋಚನೆ ಮಾಡ್ತಾ ಬಂದೆ.

ಫೋನು, ಅತ್ತಿಗೆ. ಅವನದ್ದೇ ಇರಬೇಕು. ಎತ್ತಿ... ನನ್ನ ಕೈಗ್ಯಾಕೆ ಕೊಡ್ತೀರಿ? ಬೇಡ ಅತ್ತಿಗೆ, ನಿಮ್ಮ ಮನೆ ವಿಷಯ... ಆಯ್ತು, ಕೊಡಿ.

ಹಲೋ.

ಯಾರು ಅಂತ ಕೇಳ್ತಿದಾನೆ.

ನಾನು ಕಣೋ. ನಿನ್ನ ತಂಗಿ.

ಫೋನು ಇಟ್ಟಿಲ್ಲ ಅತ್ತಿಗೆ. ಉಸಿರು ಕೇಳಿಸ್ತಿದೆ.