ದಿಮ್ಮಿಯ ಮೇಲೆ ಒರಗಿದ ಜಾಗ

ಕಡಲ ಬದಿಯ ಒಂದೂರಿನಲ್ಲಿ ಒಬ್ಬ ದೋಣಿಯವನಿದ್ದ. ಶ್ರೀಮಂತನಲ್ಲ, ಬಡವನೂ ಅಲ್ಲ. ನಮ್ಮ ನಿಮ್ಮ ಹಾಗೆ. ಅವನಿಗೊಂದು ಸಣ್ಣ ಮರದ ದೋಣಿ. ಮಳೆಗಾಲ ಬಂತೆಂದರೆ ಎಲ್ಲರಂತೆ ಅವನೂ ದೋಣಿಯನ್ನು ದಡದ ಮೇಲಕ್ಕೆ ಎಳೆದು, ಎರಡು ತೆಂಗಿನ ದಿಮ್ಮಿಗಳ ಮೇಲೆ ಕೂರಿಸಿ, ಮೇಲೆ ಹೆಣೆದ ತೆಂಗಿನ ಗರಿಯ ಮಡಲು ಹೊದಿಸಿ ಇಡುತ್ತಿದ್ದ. ಕಡಲು ಶಾಂತವಾಗುವವರೆಗೆ ದೋಣಿಗೆ ವಿಶ್ರಾಂತಿ.

ನೋಡಿ, ಆ ಊರಲ್ಲಿ ಒಂದು ಪದ್ಧತಿ ಇತ್ತು. ಮಳೆಯ ನಡುವೆ ಎಲ್ಲಾದರೂ ಎರಡು ದಿನ ಬಿಸಿಲು ಬಿದ್ದರೆ, ಆರು ಜನ ಸೇರಿ ದೋಣಿಯನ್ನು ಎತ್ತಿ, ದಿಮ್ಮಿಗಳನ್ನು ಎರಡು ಗೇಣು ಆಚೆ ಸರಿಸುತ್ತಿದ್ದರು. ಯಾಕೆ? ದಿಮ್ಮಿಗೆ ಒತ್ತಿಕೊಂಡ ಜಾಗ ಒಣಗುವುದಿಲ್ಲ. ಅಲ್ಲಿಗೆ ಗಾಳಿ ಹೋಗುವುದಿಲ್ಲ, ಕೈ ಹೋಗುವುದಿಲ್ಲ, ಮರ ಕೆಡದಂತೆ ಮೀನೆಣ್ಣೆ ಹಚ್ಚುವ ಬಟ್ಟೆಯೂ ಹೋಗುವುದಿಲ್ಲ. ಸರಿಸಿದರೆ ಮಾತ್ರ ಅದು ಬೆಳಕು ಕಾಣುತ್ತದೆ.

ಆ ವರ್ಷ ನೆರೆಯವರು ತಮ್ಮ ದೋಣಿ ಎತ್ತಲು ಕರೆದಾಗ ಇವನು ಸೊಂಟನೋವು ಎಂದಿದ್ದ. ನೋವು ಇರಲಿಲ್ಲ, ಸೋಮಾರಿತನ ಇತ್ತು. ಈಗ ತನ್ನ ದೋಣಿಗೆ ಯಾವ ಮುಖ ಇಟ್ಟುಕೊಂಡು ಕರೆಯುವುದು? ಕರೆಯಲಿಲ್ಲ. ಒಂದು ಸಣ್ಣ ಸುಳ್ಳು. ದೋಣಿ ಇಡೀ ಮಳೆಗಾಲ ಒಂದೇ ಜಾಗದಲ್ಲಿ ಒರಗಿ ಕೂತಿತು.

ಮಳೆ ಕಳೆಯಿತು. ದೋಣಿ ನೀರಿಗಿಳಿಸುವ ದಿನ ಹತ್ತಿರ ಬಂತು. ಅವನ ಹೆಂಡತಿ ಬಗ್ಗಿ ದೋಣಿಯ ಅಡಿಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ ಬಂದಳು. ಠಣ್, ಠಣ್, ಠಣ್. ದಿಮ್ಮಿಯ ಹತ್ತಿರ ಬಂದಾಗ, ದಬ್.

"ಇಲ್ಲಿ ಬನ್ನಿ ಒಮ್ಮೆ. ಈ ಸದ್ದು ಸರಿ ಇಲ್ಲ" ಎಂದಳು.

"ಮಳೆ ಕುಡಿದ ಮರ, ಹಾಗೇ ಇರ್ತದೆ. ನಿನಗೆಂತ ಗೊತ್ತು?"

"ನಂಗೆ ದೋಣಿ ಗೊತ್ತಿಲ್ಲ. ತೆಂಗಿನಕಾಯಿ ಗೊತ್ತುಂಟು. ಹಾಳಾದ ಕಾಯಿ ಹೀಗೇ ಹೇಳ್ತದೆ."

ಅವನು ನಕ್ಕುಬಿಟ್ಟ. ಆದರೆ ಅವಳು ಅತ್ತ ಹೋದ ಮೇಲೆ ತಾನೂ ತಟ್ಟಿ ನೋಡಿದ. ದಬ್. ಹೆಬ್ಬೆರಳು ಒತ್ತಿದ. ಬೆರಳು ಒಳಗೆ ಹೋಯಿತು. ಪ್ರಿಯರೇ, ಆ ಕ್ಷಣ ದೇವರು ಅವನಿಗೆ ಕೊಟ್ಟ ಕ್ಷಣ. ಬಡಗಿಯನ್ನು ಕರೆದಿದ್ದರೆ ಹತ್ತು ದಿನದ ಕೆಲಸ. ಅವನು ಏನು ಮಾಡಿದ? ಮೇಣ ತುಂಬಿದ. ಮೇಲೆ ನೀಲಿ ಬಣ್ಣ ಬಳಿದ. ಎಷ್ಟು ಚಂದ ಬಳಿದನೆಂದರೆ, ಊರಿನಲ್ಲೇ ಹೊಸದಾಗಿ ಕಾಣುತ್ತಿದ್ದದ್ದು ಅವನ ದೋಣಿ.

ಮೊದಲ ದಿನ ಜೊತೆಗೆ ಬರಬೇಕಾದವನಿಗೆ ಜ್ವರ. ಹೆಂಡತಿಯ ಅಣ್ಣ, ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟವನು, "ನಾನು ಬರ್ತೇನೆ ಭಾವ. ನಂಗೆ ಈಜು ಬರುದಿಲ್ಲ, ನೀವಿದ್ದೀರಲ್ಲ" ಎಂದು ಹತ್ತಿದ. ಕೇಳಿಸಿತೇ? *ನೀವಿದ್ದೀರಲ್ಲ* ಎಂದು ಹತ್ತಿದ.

ದಡ ಕಾಣದಷ್ಟು ದೂರ ಹೋಗುವಷ್ಟರಲ್ಲಿ ದೋಣಿಯವನ ಕಾಲಿಗೆ ತಣ್ಣಗಾಯಿತು. ನೋಡಿದರೆ ನೀರು. ಅವನು ತಲೆಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿ, ಮೇಣ ಬಿಟ್ಟುಹೋದ ಸಂದಿಗೆ ತುರುಕಿದ. ಮೇಲೆ ತಾನೇ ಕೂತ. ಅಲುಗಾಡಲಿಲ್ಲ.

"ಎಂತ ಭಾವ, ಕಾವಿಗೆ ಕೂತ ಕೋಳಿ ಹಾಗೆ ಕೂತಿದ್ದೀರಿ? ಬಲೆ ಎಳಿಯುದಿಲ್ವಾ?"

"ಸೊಂಟನೋವು ಮಾರಾಯ."

ಮತ್ತೆ ಅದೇ ಸುಳ್ಳು! ಹೆಂಡತಿಯ ಅಣ್ಣ ನಗುತ್ತಾ ಒಬ್ಬನೇ ಎಳೆದ. ಬಲೆ ಭಾರವಾಯಿತು, ದೋಣಿ ವಾಲಿತು. ಇವನು ಏಳಲೇಬೇಕಾಯಿತು. ಎದ್ದು ಹಿಮ್ಮಡಿ ಊರಿದ. ಹಲಗೆ ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಮುರಿಯಿತು.

ಇಬ್ಬರೂ ಕುತ್ತಿಗೆವರೆಗೆ ನೀರಿನಲ್ಲಿ, ಮುಳುಗಿದ ದೋಣಿಯ ಅಂಚು ಹಿಡಿದು ತೇಲುತ್ತಿದ್ದರು. ಹೆಂಡತಿಯ ಅಣ್ಣ ಕಿರುಚಲಿಲ್ಲ. ದೇವರನ್ನು ಕೂಗಲಿಲ್ಲ. ನೀಲಿ ಬಣ್ಣ ಅಂಟಿಕೊಂಡ ಒಂದು ಮೆತ್ತನೆ ಚೂರು ಅವನ ಮುಂದೆ ತೇಲಿ ಬಂತು. ಅದನ್ನು ನೋಡಿದ, ಇವನನ್ನು ನೋಡಿದ. ಕೇಳಿದ್ದು ಒಂದೇ ಮಾತು.

"ಭಾವ, ನಿಮಗೆ ಮೊದಲೇ ಗೊತ್ತಿತ್ತಾ?"

ಬದುಕಿದರೇ ಎಂದು ಕೇಳುತ್ತೀರಿ. ಬದುಕಿದರು. ಬೇರೊಂದು ದೋಣಿಯವರು, ಸೊಂಟನೋವು ಎಂದು ಇವನು ಯಾರಿಗೆ ಹೇಳಿದ್ದನೋ ಅವರೇ, ಬಂದು ಎಳೆದುಕೊಂಡರು. ಆ ಅಣ್ಣ ಈಗಲೂ ತಂಗಿಯ ಮನೆಗೆ ಬರುತ್ತಾನೆ, ಜಗಳ ಇಲ್ಲ. ಆದರೆ ದೋಣಿಯವನು ಕುರ್ಚಿ ಕೊಟ್ಟರೆ, ಕೂರುವ ಮೊದಲು ಅದನ್ನು ಕೈಯಿಂದ ಒಮ್ಮೆ ಒತ್ತಿ ನೋಡುತ್ತಾನೆ. ಪ್ರತಿ ಸಲ. ದೋಣಿಯವನು ಅದನ್ನು ಪ್ರತಿ ಸಲ ನೋಡುತ್ತಾನೆ.

ಪ್ರಿಯರೇ, ನನಗೆ ಈ ಕಥೆ ಹೇಳಲು ಭಯ. ಆ ದೋಣಿ ಅಲೆ ಹೊಡೆದ ಜಾಗದಲ್ಲಿ ಕೆಡಲಿಲ್ಲ. ಒರಗಿ ಕೂತ ಜಾಗದಲ್ಲಿ ಕೆಟ್ಟಿತು. ನಾವು ಯಾವುದರ ಮೇಲೆ ಒರಗಿದ್ದೇವೆ? ನಾನು ನನ್ನ ಪ್ರಾರ್ಥನೆಯ ಮೇಲೆ ಒರಗಿದವನು. ಕಾಯಿಲೆಯವರಿಗೆ "ನಿಮಗಾಗಿ ಪ್ರಾರ್ಥಿಸುತ್ತಿದ್ದೇನೆ" ಎಂದು ಹೇಳಿ ಬಂದು ಮರೆತು ಮಲಗಿದ ದಿನಗಳಿವೆ. ಅಲ್ಲಿ ತಟ್ಟಿದರೆ ಯಾವ ಸದ್ದು ಬರುತ್ತದೋ, ನನಗೆ ಗೊತ್ತು. ನಿಮ್ಮದು ನಿಮಗೆ ಗೊತ್ತು.

ಆದ್ದರಿಂದ ಇವತ್ತು ಮನೆಗೆ ಹೋಗಿ, ಊಟಕ್ಕೆ ಕೂರುವ ಮೊದಲು ತಟ್ಟಿ ನೋಡಿ. ಬ್ರೇಕು ಹಿಡಿಯದ ಸ್ಕೂಟರಿನ ಕೀಲಿಕೈಯನ್ನು ತಮ್ಮನ ಕೈಗೆ ಕೊಟ್ಟವರು ಇಲ್ಲಿದ್ದೀರಿ. ಒಲೆಯ ಗ್ಯಾಸ್ ಪೈಪು ಬಿರುಕು ಬಿಟ್ಟದ್ದು ಗೊತ್ತಿದ್ದೂ ಸೊಸೆಗೆ ಹೇಳದವರು ಇದ್ದೀರಿ. ಮನಸ್ಸಿನಲ್ಲಿ ಮುರಿದುಹೋದದ್ದನ್ನು ನಗುವಿನಿಂದ ಬಳಿದು, ಹೆಂಡತಿ ಮಕ್ಕಳನ್ನು ಹತ್ತಿಸಿಕೊಂಡು ಹೊರಟವರೂ ಇದ್ದೀರಿ. ಬಣ್ಣದ ಡಬ್ಬಿ ಕೆಳಗಿಡಿ. ನೆರೆಯವನ ಬಾಗಿಲಿಗೆ ಹೋಗಿ, "ಅವತ್ತು ನಾನು ಸುಳ್ಳು ಹೇಳಿದ್ದೆ, ಇವತ್ತು ಒಂದು ಕೈ ಹಾಕು" ಎಂದು ಕೇಳಿ. ನಾಚಿಕೆಯಾಗುತ್ತದೆ, ಆಗಲಿ. ನಿಮ್ಮನ್ನು ನಂಬಿ ಹತ್ತುವವರಿಗೆ ಇರುವುದನ್ನು ಇದ್ದ ಹಾಗೆ ಹೇಳಿ. ನಡುನೀರಿನಲ್ಲಿ ಅಲ್ಲ. ಅವರ ಕಾಲು ಇನ್ನೂ ಮರಳಿನ ಮೇಲೆ ಇರುವಾಗಲೇ ಹೇಳಿ.