ತೋಡಿಗೆ ಬಿಟ್ಟ ಜಾಗ

ಖಾರಘರ ಸ್ಟೇಷನ್ನಿನ ಬೆಂಚಿನಲ್ಲಿ ಮಧ್ಯಾಹ್ನದ ಮಂಪರಿಗೆ ಕಣ್ಣು ಮುಚ್ಚಿ ಕುಳಿತಿದ್ದ ಸರಳಾಳಿಗೆ ಪಕ್ಕದಲ್ಲಿ ಕನ್ನಡ ಕೇಳಿಸಿತು. ಮೈಸೂರು ಬಿಟ್ಟು ಬಂದ ಮೂರು ತಿಂಗಳಲ್ಲಿ ಇದೇ ಮೊದಲು. ಕಣ್ಣು ತೆರೆದರೆ ಮಾತು ನಿಂತೀತೆಂದು ಹಾಗೇ ಕುಳಿತಳು.

"ಮುಂಡಪ್ಪಣ್ಣ, ಭಾನುವಾರ ನಿಮ್ಮ ಗೋಡೆ ಒಡೀಲಿಕ್ಕೆ ನಮ್ಮ ಹೌಸಿಂಗ್ ಸೊಸೈಟಿಯವರೆಲ್ಲ ಬರ್ತಾರೆ. ನೀವು ಹೂಂ ಅಂದ್ರೆ ಮಾತ್ರ."

"ಅದರೊಳಗೆ ನನ್ನ ಹನ್ನೆರಡು ವರ್ಷದ ತೋಟ ಉಂಟು, ಪುಷ್ಪಾ."

"ಉಂಟು. ಆದ್ರೆ ಮಳೆಗಾಲದಲ್ಲಿ ನಾಲಾದ ನೀರು ನಿಮ್ಮ ಗೋಡೆಗೆ ಬಡಿದು, ಎದುರು ದಡದ ಪಾಡಾಕ್ಕೆ, ಆ ಆದಿವಾಸಿ ಕೇರಿಯ ಮನೆಗಳಿಗೆ ನುಗ್ತದಲ್ಲ?"

ಮುದುಕನ ದನಿ ತಗ್ಗಿತು.

"ಒಡೆದ ಮೇಲೆ ಅಲ್ಲಿ ಎಂತ ಮಾಡ್ತೀರಿ?"

"ಪಾಡಾದ ಹೆಂಗಸರು ಬಿದಿರು, ಲಾವಂಚ ನೆಡ್ತಾರೆ. ನಮ್ಮ ಸೊಸೈಟಿಯವರು ಪಾಳಿ ಹಾಕಿ ನೋಡಿಕೊಳ್ಳೋದು."

"ಸೊಸೈಟಿಯವರು ಎರಡು ವಾರ ನೋಡಿ ಮರೀತಾರೆ."

"ಅದಕ್ಕೇ ನೋಡಿಕೊಳ್ಳಲಿಕ್ಕೆ ನಿಮ್ಮನ್ನು ಕೇಳೋದು."

ಸರಳಾಳ ಮುಚ್ಚಿದ ಕಣ್ಣೊಳಗೆ, ಅವಳು ಎಂದೂ ನೋಡದ ಆ ನೀರು ಸದ್ದಿಲ್ಲದೆ ಅಗಲವಾಗುತ್ತ ಹೋಯಿತು.

"ಇಂಥ ನಾಲಾಕ್ಕೆ ಊರಲ್ಲಿ ತೋಡು ಅಂತೇವೆ, ಅದರ ಬದಿಗೆ ಕೇದಗೆ ನೆಡ್ತಿದ್ದೆವು. ಮಣ್ಣು ಗಟ್ಟಿ ಹಿಡೀತದೆ. ಇಲ್ಲಿ ಸಿಕ್ತದಾ?"

"ಹುಡುಕುವಾ."

"ಬಸಳೆ ಚಪ್ಪರ ನಾನೇ ಬಿಚ್ಚೋದು. ಬೇರೆಯವರು ಕೈ ಹಾಕೋದು ಬೇಡ."

"ಆಯ್ತು."

ಲೋಕಲ್ ರೈಲು ಬಂತು. ಸರಳಾ ಕಣ್ಣು ತೆರೆದಾಗ ಪುಷ್ಪಾ ಮುದುಕನ ಮೊಣಕೈ ಹಿಡಿದು ಏಳಿಸುತ್ತಿದ್ದಳು. ಜನರ ನೂಕಾಟದ ನಡುವೆ ಬಾಗಿಲ ಬಳಿಯಿಂದ ಮುದುಕನ ದನಿ ಮತ್ತೊಮ್ಮೆ ಕೇಳಿಸಿತು:

"ಎಷ್ಟು ಗಂಟೆಗೆ ಬರ್ತಾರೆ?"

"ಎಂಟಕ್ಕೆ."

"ಆರಕ್ಕೇ ಬರ್ಲಿಕ್ಕೆ ಹೇಳು. ಬಿಸಿಲೇರಿದ್ರೆ ನೆಟ್ಟ ಗಿಡ ಬಾಡ್ತದೆ."